ಲಸಿಕೆಯ ದಿನ ಕೂಸಿಗೆ ಪುಸ್ತಕ ಕೊಡಬೇಕೇ?

ಪರ: ಆ ಅರ್ಧ ತಾಸು
(ಇಂಡಿ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕಿ)

ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರು ಪುಸ್ತಕ ತಲೆಕೆಳಗಾಗಿ ಹಿಡಿಯುತ್ತಾರೆ. ದಡ್ಡರಲ್ಲ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮಕ್ಕಳು! ಮನೆಯಲ್ಲಿ ಪುಸ್ತಕ ಕಂಡಿಲ್ಲ, ಅಷ್ಟೇ.

ಶಾಲೆಗಿಂತ ಮೊದಲು ಅವರೆಲ್ಲ ಬರುವ ಜಾಗ ಒಂದಿದೆ. ಆಸ್ಪತ್ರೆ. ಒಂದೂವರೆ ತಿಂಗಳಿಗೆ, 9 ತಿಂಗಳಿಗೆ, ಒಂದೂವರೆ ವರ್ಷಕ್ಕೆ, 5 ವರ್ಷಕ್ಕೆ. ಸೂಜಿ ಮಾಡಿದ ಮೇಲೆ ಅರ್ಧ ತಾಸು ಅಲ್ಲೇ ಕೂರಿಸುತ್ತಾರೆ, ಮಗುವಿಗೆ ಏನಾದರೂ ಆಗುತ್ತದೋ ನೋಡಲು. ಆ ಅರ್ಧ ತಾಸು ತಾಯಂದಿರು ಅಳುವ ಕೂಸಿಗೆ ಮೊಬೈಲ್ ತೋರಿಸುತ್ತಾರೆ. ಅಲ್ಲೊಂದು ದಪ್ಪ ರಟ್ಟಿನ ಚಿತ್ರಪುಸ್ತಕ ಕೊಡಿ ಅಂತ ನಾನು ಹೇಳುವುದು.

1989ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಇದನ್ನೇ ಶುರು ಮಾಡಿದರು. ತಪಾಸಣೆಗೆ ಬಂದ ಮಗುವಿಗೆ ಪುಸ್ತಕ, ತಾಯಿಗೆ ಎರಡು ಮಾತು. ಕೂಸಿದ್ದಾಗಿಂದಲೇ ಓದಿ ಹೇಳುವಂತೆ ಪಾಲಕರಿಗೆ ತಿಳಿಸಿ ಎಂದು 2014ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ವೈದ್ಯರಿಗೆ ಹೇಳಿತು.

ತಾಯಿಗೆ ಓದಲು ಬರದಿದ್ದರೆ? ಚಿತ್ರ ನೋಡಲು ಅಕ್ಷರ ಯಾಕೆ ಬೇಕು! ತಾಂಡಾದ ತಾಯಿ ಲಂಬಾಣಿಯಲ್ಲೇ ಹೇಳಲಿ. ನಮ್ಮ ಅತ್ತೆಯವರಿಗೆ ಸಹಿ ಹಾಕಲೂ ಬರುವುದಿಲ್ಲ. ನನ್ನ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, "ಇದು ನಮ್ಮ ಎಮ್ಮಿ ಅಲ್ಲ ನೋಡವ್ವಾ, ಇದರ ಕೋಡು ಸೊಟ್ಟ ಅದ" ಅನ್ನುತ್ತಿದ್ದರು. ದಿನಕ್ಕೊಂದು ಕತೆ. ಒಂದು ದಿನ ಎಮ್ಮೆ ಸಂತೆಯಲ್ಲಿ ಕಳೆದುಹೋಗುತ್ತಿತ್ತು, ಇನ್ನೊಂದು ದಿನ ಕರು ಹಾಕುತ್ತಿತ್ತು. ಮಗಳು ಕಚ್ಚಿ ಕಚ್ಚಿ ಅರ್ಧ ಎಮ್ಮೆ ಈಗ ಉಳಿದಿಲ್ಲ.

ವಿರೋಧ: ನರ್ಸಬಾಯಿಗೆ ಎಷ್ಟು ಕೈ?
(ಬಾಗಲಕೋಟೆ ಜಿಲ್ಲೆಯ ಉಪಕೇಂದ್ರವೊಂದರಲ್ಲಿ ದುಡಿದು ನಿವೃತ್ತರಾದ ಆರೋಗ್ಯ ಸಹಾಯಕಿ)

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪುಸ್ತಕದ ಮೇಲೆ ನನಗೇನೂ ಸಿಟ್ಟಿಲ್ಲ.

ಲಸಿಕೆಯ ದಿನ ಬಂದು ನೋಡಿ. ದಡಾರ-ರುಬೆಲ್ಲಾ ಬಾಟಲಿ ತೆರೆದರೆ 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ತೂಕ ನೋಡಬೇಕು, ತಾಯಿ ಕಾರ್ಡ್ ತುಂಬಬೇಕು, ರಜಿಸ್ಟರ್ ಬರೆಯಬೇಕು. ಇದರ ನಡುವೆ ನಾವು "ಒಂದಾನೊಂದು ಊರಲ್ಲಿ" ಅಂತ ಕತೆ ಹೇಳುತ್ತ ಕೂರಬೇಕಂತೆ. ನಾಳೆ ಡೊಳ್ಳು ಬಾರಿಸಿ ಅಂದರೂ ಅಂದಾರು! ಪುಸ್ತಕ ಬಂದರೆ ಅದಕ್ಕೊಂದು ರಜಿಸ್ಟರ್ ಬಂದೇ ಬರುತ್ತದೆ. ಅಂಗನವಾಡಿ ಇದೆಯಲ್ಲ, ಅಲ್ಲಿ ಕೊಡಲಿ.

ಒಮ್ಮೆ ದಾನಿಗಳು ಕೊಟ್ಟ ಚಿತ್ರಪುಸ್ತಕ ಹಂಚಿದ್ದೆ. ತಿಂಗಳು ಬಿಟ್ಟು ಒಂದು ಮನೆಗೆ ಹೋದೆ. ತಾಯಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ರೇಷನ್ ಕಾರ್ಡು, ತಾಯಿ ಕಾರ್ಡು, ನಡುವೆ ಪುಸ್ತಕ. ಒಂದು ಹಾಳೆಯೂ ತಿರುವಿಲ್ಲ. "ಸರಕಾರದ್ದರೀ ಅಕ್ಕಾರ, ಹರದ್ರ ಬೈತೀರಂತ ಎತ್ತಿ ಇಟ್ಟೀನ್ರಿ" ಅಂದಳು. ಕೂಸು ಹೊಸ್ತಿಲಲ್ಲಿ ಕಬ್ಬು ಚೀಪುತ್ತಿತ್ತು. ನಾನೇ ನೆಲಕ್ಕೆ ಕೂತು ಪುಸ್ತಕ ಬಿಡಿಸಿದೆ. ನರಿ ಬಂತು. ಕೂಸು ಕಬ್ಬು ಬಿಟ್ಟು, ಅಂಟು ಕೈಯನ್ನು ನರಿಯ ಮೂತಿಗೆ ಒತ್ತಿತು. ಮತ್ತೆ ಮತ್ತೆ ಹಾಳೆ ತಿರುವಿಸಿತು.

ಅವತ್ತು ನಾಲ್ಕು ಮನೆ ಭೇಟಿ ತಪ್ಪಿತು. ರಜಿಸ್ಟರಿನಲ್ಲಿ ಏನು ಕಾರಣ ಬರೆಯಬೇಕೋ ಹೊಳೆಯದೆ, "ಬಾಗಿಲು ಹಾಕಿತ್ತು" ಅಂತ ಬರೆದೆ.