ಟಾರ್ಚ್ ಬೆಳಕಿನಲ್ಲಿ ಮಲೇರಿಯಾ ಕಾಣುತ್ತಾ?

ನಮ್ಮ ಹುಬ್ಬಳ್ಳಿ ಓಣಿಯ ವಾಟ್ಸಾಪ್ ಗ್ರೂಪಿಗೆ ಬಂದ ಸಂದೇಶ ಇದು: ‘ಮೊಬೈಲ್ ಟಾರ್ಚ್ ಮೇಲೆ ಬೆರಳಿಡಿ. ಕೆಂಪು ಮಸುಕಾಗಿದ್ದರೆ ಮಲೇರಿಯಾ. ಇದು ನ್ಯಾನೋ ತಂತ್ರಜ್ಞಾನ, ರಕ್ತ ಕೊಡಬೇಕಿಲ್ಲ.’

ಸುಳ್ಳು. ಟಾರ್ಚ್ ಹಿಡಿದರೆ ಯಾರ ಬೆರಳಾದರೂ ಕೆಂಪಗೇ ಕಾಣುತ್ತದೆ. ರಕ್ತ ನೀಲಿ, ಹಸಿರು ಬೆಳಕನ್ನು ಜಾಸ್ತಿ ಹೀರಿಕೊಂಡು ಕೆಂಪನ್ನು ದಾಟಲು ಬಿಡುತ್ತದೆ, ಅಷ್ಟೇ. ಬೆರಳು ದಪ್ಪ ಇದ್ದರೂ, ಸ್ವಲ್ಪ ಒತ್ತಿ ಹಿಡಿದರೂ ಬಣ್ಣ ಬದಲಾಗುತ್ತದೆ.

ಆದರೆ ಈ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಮಲೇರಿಯಾ ರೋಗಾಣು ಕೆಂಪು ರಕ್ತಕಣದೊಳಗೆ ಹಿಮೋಗ್ಲೋಬಿನ್ ತಿಂದು, ಹಿಮೋಜೋಯಿನ್ ಎಂಬ ಸಣ್ಣ ಹರಳು ಉಳಿಸುತ್ತದೆ. ಅದರ ಮೇಲೆ ಲೇಸರ್ ಬೆಳಕು ಹಾಯಿಸಿದರೆ ಹರಳು ಬಿಸಿಯಾಗುತ್ತದೆ. ಸುತ್ತ ನ್ಯಾನೋ ಗುಳ್ಳೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ, ಎದ್ದು ಒಡೆಯುತ್ತದೆ. ಆ ಸದ್ದು ಹಿಡಿದು ರೋಗ ಪತ್ತೆ ಮಾಡುವ ವಿಧಾನವನ್ನು ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2013-14ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾಗುವುದು ವಿಶೇಷ ಲೇಸರ್, ನಮ್ಮ ಕಿಸೆಯ ಟಾರ್ಚ್ ಅಲ್ಲ.

ತಮಾಷೆ ಅಂದರೆ, ನ್ಯಾನೋ ನಮ್ಮ ಆಸ್ಪತ್ರೆಗಳಿಗೆ ಆಗಲೇ ಬಂದಾಗಿದೆ! ಮಲೇರಿಯಾ ಪತ್ತೆ ಮಾಡುವ ಕಿಟ್‌ನಲ್ಲಿ ಮೂಡುವ ಆ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೋ ಕಣಗಳದ್ದೇ. ಆದರೆ ಅದಕ್ಕೂ ಒಂದು ಹನಿ ರಕ್ತ ಬೇಕು, ಸುಮಾರು 15-20 ನಿಮಿಷ ಕಾಯಬೇಕು. ಚಳಿ ಜ್ವರ ಬಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅಲ್ಲಿ ಉಚಿತ.