ಮಡಕೆ ಒಡೆಯುವ ಗಳಿಗೆ ಹಿಡಿಯೋಕೆ ಲಕ್ಷದ ಕ್ಯಾಮೆರಾ ಬೇಡ

“ಅಣ್ಣಾ, ಇದಕ್ಕೆ ಯಾವ ಕ್ಯಾಮೆರಾ? ಒಂದೆರಡು ಲಕ್ಷ ಆಗಿರ್ಬೇಕಲ್ವಾ?” ನೀರು ತುಂಬಿದ ಬಲೂನು ಒಡೆದ ಚಿತ್ರ ಯಾರಿಗೆ ತೋರಿಸಿದರೂ ಮೊದಲು ಬರುವ ಪ್ರಶ್ನೆ ಇದೇ. ಅದರಲ್ಲೂ ಈಗಷ್ಟೇ ಫೋಟೋಗ್ರಫಿ ಹುಚ್ಚು ಹಿಡಿದ ಹುಡುಗರು ಮನಸ್ಸಿನಲ್ಲೇ ಇಎಂಐ ಲೆಕ್ಕ ಹಾಕುತ್ತಾ ಕೇಳುತ್ತಾರೆ. ದಯವಿಟ್ಟು ಸಾಲ ಮಾಡಬೇಡಿ. ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಹಳೇ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬರುವ ಕಿಟ್ ಲೆನ್ಸ್, ಪವರ್ ಹೆಚ್ಚುಕಮ್ಮಿ ಮಾಡಲು ಬರುವ ಒಂದು ಸಾದಾ ಫ್ಲ್ಯಾಶ್, ಪೂರ್ತಿ ಕತ್ತಲು ಮಾಡಬಹುದಾದ ಒಂದು ರೂಮು. ಇಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಶಟರ್ ಸ್ಪೀಡ್, ಅಂದರೆ ಕ್ಯಾಮೆರಾದ ಪರದೆ ಬೆಳಕಿಗೆ ತೆರೆದಿರುವ ಹೊತ್ತು, 1/8000 ಸೆಕೆಂಡ್ ಇದ್ದರೆ ಏನನ್ನು ಬೇಕಾದರೂ ನಿಲ್ಲಿಸಬಹುದು ಅಂತ ಬಹಳ ಜನ ನಂಬಿದ್ದಾರೆ. ಆ ಸ್ಪೀಡಿನಲ್ಲಿ ಶಟರಿನ ಎರಡು ಪರದೆಗಳ ನಡುವೆ ಒಂದು ಸಣ್ಣ ಸಂದು ಮಾತ್ರ ತೆರೆದಿರುತ್ತದೆ, ಅದು ಚಿತ್ರ ದಾಖಲಿಸುವ ಸೆನ್ಸರಿನ ಮೇಲೆ ಸರಿದುಕೊಂಡು ಹೋಗುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚು ಮುಟ್ಟಲು ಅದಕ್ಕೆ ಸುಮಾರು 1/250 ಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಚಿತ್ರದ ಮೇಲ್ಭಾಗ ಒಂದು ಗಳಿಗೆಯದು, ಕೆಳಭಾಗ ಇನ್ನೊಂದು ಗಳಿಗೆಯದು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಮಡಕೆ ಚೂರು ಅಷ್ಟರಲ್ಲಿ 4 ಸೆಂ.ಮೀ. ಸರಿದಿರುತ್ತದೆ. ಮೊಬೈಲಿನ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ನಿನಲ್ಲೂ ಒಂದು ಫ್ರೇಮಿನಿಂದ ಮುಂದಿನದಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರ. ಬಲೂನಿನ ರಬ್ಬರು ಕಣ್ಮರೆಯಾಗುವುದು ಎರಡು ಫ್ರೇಮುಗಳ ನಡುವಿನ ಆ ಸಂದಿನಲ್ಲೇ.

ಮಳೆಗಾಲದ ರಾತ್ರಿ ಕರೆಂಟು ಹೋದಾಗ ಮಿಂಚು ಹೊಳೆದರೆ ಬೀಳುವ ಹನಿಗಳು ಗಾಳಿಯಲ್ಲೇ ನಿಂತಂತೆ ಕಾಣುವುದನ್ನು ನೋಡಿರುತ್ತೀರಿ. ನಮ್ಮ ಕೆಲಸದ ಗುಟ್ಟು ಪೂರ್ತಿ ಅದರಲ್ಲೇ ಇದೆ. ಕತ್ತಲಲ್ಲಿ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಏನೂ ದಾಖಲಾಗುವುದಿಲ್ಲ. ಬೆಳಕು ಹೊಳೆದ ಕ್ಷಣ ಮಾತ್ರ ಚಿತ್ರವಾಗುತ್ತದೆ. ಕ್ಯಾಮೆರಾ ಮೇಲೆ ಕೂರಿಸುವ ಸಾದಾ ಫ್ಲ್ಯಾಶಿನ ಪವರ್ ಇಳಿಸಿದರೆ ಬೆಳಕು ಮಂಕಾಗುತ್ತದೆ ಅಂದುಕೊಳ್ಳುತ್ತೇವೆ, ನಿಜವಾಗಿ ಅದು ಉರಿಯುವ ಹೊತ್ತೇ ಕಡಿಮೆಯಾಗುತ್ತದೆ. ಫುಲ್ ಪವರಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು ಉರಿಯುವ ಫ್ಲ್ಯಾಶಿನ ಪವರನ್ನು ಅದರ 1/128 ಭಾಗಕ್ಕೆ ತಂದರೆ, ಹಲವು ಮಾಡೆಲ್‌ಗಳಲ್ಲಿ ಅದು 1/20000 ಸೆಕೆಂಡಿನ ಹತ್ತಿರ ಬರುತ್ತದೆ. ಅಷ್ಟರಲ್ಲಿ ಆ ಮಡಕೆ ಚೂರು ಹೋಗುವುದು ಅರ್ಧ ಮಿಲಿಮೀಟರ್. ಸ್ಟುಡಿಯೋದ ದೊಡ್ಡ ಲೈಟುಗಳಿಗೆ ಈ ಮಾತು ಹೊಂದುವುದಿಲ್ಲ. ಅವುಗಳಲ್ಲಿ ಹಳೇ ಬಗೆಯವು ಪವರ್ ಇಳಿಸಿದರೆ ಇನ್ನೂ ನಿಧಾನವಾಗುತ್ತವೆ. ಈ ಕೆಲಸಕ್ಕೆ ಅಗ್ಗದ ಫ್ಲ್ಯಾಶೇ ಮೇಲು.

ಇದೇನು ಹೊಸ ವಿದ್ಯೆಯಲ್ಲ. 1851ರಲ್ಲಿ ಲಂಡನ್ನಿನಲ್ಲಿ ಫಾಕ್ಸ್ ಟಾಲ್ಬಟ್ ಎಂಬಾತ ತಿರುಗುವ ಚಕ್ರಕ್ಕೆ ನ್ಯೂಸ್‌ಪೇಪರ್ ತುಂಡು ಅಂಟಿಸಿ, ಕತ್ತಲಲ್ಲಿ ವಿದ್ಯುತ್ ಕಿಡಿ ಹಾರಿಸಿ, ಅಕ್ಷರ ಓದುವಷ್ಟು ಸ್ಪಷ್ಟವಾದ ಫೋಟೋ ತೆಗೆದ. ಅಮೆರಿಕದ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ಹೆರಾಲ್ಡ್ ಎಜರ್ಟನ್ 1930ರ ದಶಕದಿಂದ ಜೀವನಪೂರ್ತಿ ಇದರ ಬೆನ್ನು ಬಿದ್ದರು. ಸೇಬಿನ ಎರಡೂ ಕಡೆ ತಿರುಳು ಚಿಮ್ಮುತ್ತಿದ್ದು ಗುಂಡು ಆಚೆ ಬಂದಿರುವ 1964ರ ಚಿತ್ರವನ್ನು ನೀವು ನೋಡಿರಬಹುದು, ಅದು ಅವರದ್ದು. ಅವರ ಫ್ಲ್ಯಾಶ್ ಉರಿಯುತ್ತಿದ್ದುದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ. ಅಷ್ಟು ನಮ್ಮ ಮನೆಯಲ್ಲಿ ಆಗದು, ಆದರೆ ದಾರಿ ಅದೇ.

ಕಷ್ಟ ಇರುವುದು ಫ್ಲ್ಯಾಶನ್ನು ಸರಿಯಾದ ಗಳಿಗೆಯಲ್ಲಿ ಹೊಡೆಯಿಸುವುದರಲ್ಲಿ. ಕೈಯಲ್ಲಿ ಒತ್ತಿ ಆಗುವ ಕೆಲಸವಲ್ಲ, ನಮ್ಮ ಬೆರಳು ಅಷ್ಟು ಚುರುಕಿಲ್ಲ. ಶಬ್ದಕ್ಕೇ ಆ ಕೆಲಸ ವಹಿಸಬೇಕು. ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ಹಿತ್ತಾಳೆಯ ಬಿಲ್ಲೆ ಇರುತ್ತದಲ್ಲ, ಪೀಜೋ ಡಿಸ್ಕ್, ಅದು ಶಬ್ದ ಹೊರಡಿಸುವಂತೆಯೇ ಶಬ್ದ ಬಡಿದಾಗ ಕರೆಂಟನ್ನೂ ಹುಟ್ಟಿಸುತ್ತದೆ. ಅದನ್ನು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟು, ಎರಡು ಸರ್ಕ್ಯೂಟುಗಳನ್ನು ತಂತಿಯಿಲ್ಲದೆ ಬೆಳಕಿನಿಂದ ಬೆಸೆಯುವ ಆಪ್ಟೊಕಪ್ಲರ್ ಮೂಲಕ ಫ್ಲ್ಯಾಶಿಗೆ ಜೋಡಿಸಿದರೆ ಟ್ರಿಗರ್ ಸಿದ್ಧ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತದೆ. ಸರ್ಕ್ಯೂಟಿಗಿಂತ ನನಗೆ ಇಷ್ಟವಾದದ್ದು ಇದರ ಟೈಮಿಂಗ್ ಹೊಂದಿಸುವ ರೀತಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಬಿಲ್ಲೆಯನ್ನು ಬಲೂನಿನ ಪಕ್ಕದಲ್ಲೇ ಇಟ್ಟರೆ ರಬ್ಬರು ಇನ್ನೂ ಸೀಳುತ್ತಿರುವಾಗಲೇ ಚಿತ್ರ ಸಿಗುತ್ತದೆ. ಒಂದು ಮೀಟರ್ ದೂರ ಸರಿಸಿದರೆ ಮೂರು ಮಿಲಿಸೆಕೆಂಡ್ ತಡ, ಅಷ್ಟರಲ್ಲಿ ರಬ್ಬರು ಅಲ್ಲಿರುವುದೇ ಇಲ್ಲ. ಟೇಪು ಹಿಡಿದು ನೆಲದ ಮೇಲೆ ಸಮಯವನ್ನು ಅಳೆಯುವ ಈ ಖುಷಿ ಬೇರೆ ಯಾವ ಬಗೆಯ ಫೋಟೋಗ್ರಫಿಯಲ್ಲೂ ನನಗೆ ಸಿಕ್ಕಿಲ್ಲ. ಹೈಸ್ಕೂಲಿನಲ್ಲಿ ಶಬ್ದದ ವೇಗ ಅಂತ ಬಾಯಿಪಾಠ ಮಾಡಿಸುವ ಬದಲು ಮಕ್ಕಳ ಕೈಗೆ ಇದನ್ನು ಕೊಟ್ಟು ನೋಡಬೇಕು ಅಂತ ಮೇಷ್ಟ್ರುಗಳಲ್ಲಿ ನನ್ನ ಮನವಿ.

ಉಳಿದದ್ದು ಸುಲಭ. ಟ್ರೈಪಾಡಿನ ಮೇಲೆ ಕ್ಯಾಮೆರಾ, ದೀಪ ಹಾಕಿಕೊಂಡೇ ಮ್ಯಾನ್ಯುಯಲ್ ಫೋಕಸ್, ಲೆನ್ಸಿನ ಕಿಂಡಿ ಎಫ್ 8, ಬೆಳಕಿಗೆ ಸೆನ್ಸರಿನ ಚುರುಕು ಅಂದರೆ ಐಎಸ್‌ಓ 400ರಿಂದ 800, ವಸ್ತುವಿನಿಂದ ಒಂದೂವರೆ ಅಡಿ ದೂರದಲ್ಲಿ ಫ್ಲ್ಯಾಶ್, ಹಿಂದೆ ಕಪ್ಪು ಬಟ್ಟೆ. ಕಿಟಕಿ ಮುಚ್ಚಿ, ವೈಫೈ ಡಬ್ಬಿಯ ಮಿಣುಕು ದೀಪಕ್ಕೂ ಟೇಪು ಅಂಟಿಸಿ. ಫ್ಲ್ಯಾಶಿಲ್ಲದೆ ಎರಡು ಸೆಕೆಂಡಿನ ಒಂದು ಫೋಟೋ ತೆಗೆದು ನೋಡಿ, ಪೂರ್ತಿ ಕಪ್ಪಾಗಿ ಬಂದರೆ ಕತ್ತಲು ಸಾಕು. ಆಮೇಲೆ ದೀಪ ಆರಿಸಿ, ಶಟರ್ ತೆರೆದು, ಒಡೆದು, ಶಟರ್ ಮುಚ್ಚುವುದು. ನಮ್ಮ ಮನೆಯಲ್ಲಿ ನನ್ನ ತಂಗಿ ದೂರದಿಂದ ದಾರ ಎಳೆಯುತ್ತಾಳೆ, ಸ್ಟ್ಯಾಂಡಿಗೆ ಕಟ್ಟಿದ ಸುತ್ತಿಗೆ ಬೀಳುತ್ತದೆ. ಮಡಕೆಗೆ ಕುಂಬಾರರ ಹತ್ತಿರ ಅಂಚು ಮುಕ್ಕಾದವನ್ನೇ ಕೇಳಿ ತರುತ್ತೇನೆ. ತೆಂಗಿನಕಾಯಿ ಮರುದಿನ ಚಟ್ನಿಗೆ ಹೋಗುತ್ತದೆ, ದಂಡವಾಗುವುದಿಲ್ಲ.

ಇನ್ನು ಕಾಣುವುದೇನು? ನೀರಿನ ಬಲೂನು ಒಡೆದಾಗ ನೀರು ಚೆಲ್ಲುತ್ತದೆ ಅಂದುಕೊಂಡಿರುತ್ತೇವೆ. ಚಿತ್ರದಲ್ಲಿ ರಬ್ಬರು ಮಾಯ, ನೀರು ಮಾತ್ರ ಬಲೂನಿನ ಆಕಾರದಲ್ಲೇ ನಿಂತಿರುತ್ತದೆ, ರಬ್ಬರು ಉಜ್ಜಿಕೊಂಡು ಹೋದ ಕಡೆ ಮೈಮೇಲೆ ಸಣ್ಣ ಸಣ್ಣ ಸುಕ್ಕು. ಗಾಳಿ ಬಲೂನಿನ ವಿಷಯ ಇನ್ನೂ ಚೆನ್ನಾಗಿದೆ. ಸ್ವಲ್ಪ ಮೆತ್ತಗೆ ಊದಿ ಚುಚ್ಚಿದರೆ ಒಂದೇ ಸೀಳು ಬಿಡುತ್ತದೆ. ಒಡೆಯುವ ಮಟ್ಟಕ್ಕೆ ಊದಿದ್ದು ಸೀಳಿನ ಮೇಲೆ ಸೀಳು ಕವಲೊಡೆದು ಹತ್ತಾರು ಪಟ್ಟಿಗಳಾಗಿ ಹರಿಯುತ್ತದೆ. ಒಂದೇ ಪ್ಯಾಕೆಟ್ಟಿನ ಬಲೂನುಗಳು, ಊದಿದ ಗಾಳಿಯಲ್ಲಿ ಮಾತ್ರ ವ್ಯತ್ಯಾಸ. ಗಾಜು ನಮ್ಮ ಕೈಗೆ ಪೂರ್ತಿ ಸಿಗದು. ಗಾಜಿನಲ್ಲಿ ಬಿರುಕು ಓಡುವುದು ಸೆಕೆಂಡಿಗೆ ಸುಮಾರು 1500 ಮೀಟರ್, ನಮ್ಮ ಫ್ಲ್ಯಾಶ್ ಉರಿದು ಆರುವಷ್ಟರಲ್ಲಿ ಅದು ಏಳೂವರೆ ಸೆಂ.ಮೀ. ಹೋಗಿರುತ್ತದೆ. ನಮಗೆ ಸಿಗುವುದು ಬಿರುಕಿನ ನಂತರದ ಚೂರುಗಳು ಮಾತ್ರ.

ನನಗೆ ಸಂಕಟವಾಗುವುದು ಈಗಿನ ಎಐ ಚಿತ್ರಗಳನ್ನು ಫೋಟೋ ಅಂತ ಹಾಕುವುದನ್ನು ನೋಡಿದಾಗ. ಒಡೆದ ಲೋಟದ ಚೂರುಗಳು ಸುತ್ತಲೂ ಒಂದೇ ಅಳತೆಯಲ್ಲಿ, ರಂಗೋಲಿ ಬಿಡಿಸಿದಂತೆ ಹಾರುತ್ತಿರುತ್ತವೆ. ವಸ್ತುಗಳು ಹಾಗೆ ಒಡೆಯುವುದಿಲ್ಲ. ಇಂಗ್ಲೆಂಡಿನ ಆರ್ಥರ್ ವರ್ಥಿಂಗ್ಟನ್ ಎಂಬ ಭೌತವಿಜ್ಞಾನಿ 1870ರ ದಶಕದಿಂದ ಕಿಡಿಯ ಬೆಳಕಿನಲ್ಲಿ ಹನಿ ಸಿಡಿಯುವುದನ್ನು ಕಣ್ಣಲ್ಲಿ ನೋಡಿ ಕೈಯಲ್ಲಿ ಬಿಡಿಸುತ್ತಿದ್ದ. ಹನಿ ಸಿಡಿದಾಗ ಏಳುವ ಕಿರೀಟದಂಥ ಆಕಾರ ಅವನ ಚಿತ್ರಗಳಲ್ಲಿ ಅಚ್ಚುಕಟ್ಟು, ಎಲ್ಲ ಕಡೆ ಸಮ. 1890ರ ದಶಕದಲ್ಲಿ ಅದನ್ನೇ ಫೋಟೋ ತೆಗೆದಾಗ ಪ್ರತಿಯೊಂದೂ ಸೊಟ್ಟ, ಒಂದರಂತೆ ಇನ್ನೊಂದಿಲ್ಲ. ಅಷ್ಟು ವರ್ಷ ಅವನ ಕಣ್ಣು ತನಗೆ ಗೊತ್ತಿಲ್ಲದೆಯೇ ಸೊಟ್ಟವನ್ನು ನೆಟ್ಟಗೆ ಮಾಡಿಕೊಂಡಿತ್ತು. ಅವನು ಅದನ್ನು ಮುಚ್ಚಿಡದೆ ಬರೆದ. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಕಂಪ್ಯೂಟರಿನದು ಅಂತ ಹೇಳಿ ಹಾಕಿ, ನನ್ನ ತಕರಾರಿಲ್ಲ. ಆದರೆ ಅಸಲಿ ಚಿತ್ರ ಇಷ್ಟು ಕಡಿಮೆ ಖರ್ಚಿನಲ್ಲಿ ಸಿಗುವಾಗ ನಕಲಿ ಯಾಕೆ ಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಶುರು ಮಾಡುವವರಿಗೆ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆಯಲೇಬೇಡಿ, ಒಳಗೆ ಪಾದರಸ ಇರುತ್ತದೆ. ಹಳೇ ಟಿವಿಯ ಪಿಕ್ಚರ್ ಟ್ಯೂಬ್ ಮುಟ್ಟಬೇಡಿ. ಫ್ಲ್ಯಾಶ್ ಬಿಚ್ಚಬೇಡಿ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ತೀರಾ ಹಳೇ ಫ್ಲ್ಯಾಶ್‌ಗಳಲ್ಲಿ ಟ್ರಿಗರ್ ಜೋಡಿಸುವ ಲೋಹದ ಕಾಲಿನಲ್ಲೇ 200 ವೋಲ್ಟ್ ದಾಟುವುದುಂಟು, ಮಲ್ಟಿಮೀಟರಿನಲ್ಲಿ ನೋಡದೆ ಬೋರ್ಡಿಗೆ ಜೋಡಿಸಬೇಡಿ. ಕಣ್ಣಿಗೆ ಸೇಫ್ಟಿ ಕನ್ನಡಕ, ಕಾಲಿಗೆ ಶೂ ಇಲ್ಲದೆ ದೀಪ ಆರಿಸಬೇಡಿ. ಮೊದಲು ಬಲೂನಿನಿಂದ ಶುರು ಮಾಡಿ, ಮಡಕೆ ಆಮೇಲೆ. ಟ್ರಿಗರ್ ಸರ್ಕ್ಯೂಟು ಬೇಕಾದವರು ಕೇಳಿ, ಕೈಯಲ್ಲಿ ಬಿಡಿಸಿದ್ದು ಇದೆ, ಫೋಟೋ ತೆಗೆದು ಕಳಿಸುತ್ತೇನೆ.