ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ

ನಮ್ಮ ಕೂಸಿಗೆ ವರ್ಷ ತುಂಬಿದ್ದು ಊರಿಗೆಲ್ಲ ಖುಷಿ. ಆದರೆ ಆಚೆಮನೆ ಅತ್ತಿಗೆ ಅವತ್ತಿನಿಂದ ನಮ್ಮ ಮನೆಯತ್ತ ಮುಖ ಹಾಕಿಲ್ಲ. ಇದಕ್ಕೆ ಕಾರಣ ಕೂಸಲ್ಲ, ಕೇಕಲ್ಲ, ಊಟವೂ ಅಲ್ಲ. ಭಾವನ ವಂದನಾರ್ಪಣೆ.

ಇಂಥ ಒಬ್ಬರು ನಿಮ್ಮ ನೆಂಟರಲ್ಲೂ ಇರುತ್ತಾರೆ ಬಿಡಿ. ಭಾವ ಶಾಲೆ ಸಮಿತಿ, ಸೊಸೈಟಿ, ಯಕ್ಷಗಾನ ಸಂಘ ಎಂದು ಎಲ್ಲ ಕಡೆ ಕಾರ್ಯದರ್ಶಿಯಾಗಿದ್ದವರು. ಅಧ್ಯಕ್ಷರು ಬದಲಾದರೂ ವಂದನಾರ್ಪಣೆ ಇವರ ಕೈತಪ್ಪಲಿಲ್ಲ. ಈಗ ಹುದ್ದೆ ಯಾವುದೂ ಇಲ್ಲ, ಚಟ ಮಾತ್ರ ಉಳಿದಿದೆ. ಹಾಗಾಗಿ ಉಪನಯನ, ಗೃಹಪ್ರವೇಶ, ಸತ್ಯನಾರಾಯಣ ಕಥೆ ಯಾವುದನ್ನೂ ಬಿಡುವುದಿಲ್ಲ. ಒಮ್ಮೆ ಯಾರದೋ ವೈಕುಂಠ ಸಮಾರಾಧನೆಯಲ್ಲಿ ಎದ್ದು ನಿಂತು, 'ಇಂದಿನ ಈ ಕಾರ್ಯಕ್ರಮಕ್ಕೆ ಮೂಲ ಕಾರಣರಾದ ಅಜ್ಜನವರಿಗೂ' ಎಂದು ಶುರು ಮಾಡಿದ್ದರಂತೆ. ನಾನು ನೋಡಿದ್ದಲ್ಲ. ಆದರೆ ನಂಬುತ್ತೇನೆ.

ನಮ್ಮ ಯೋಜನೆ ಸಣ್ಣದಿತ್ತು. ಬೆಳಿಗ್ಗೆ ಆಯುಷ್ಯ ಹೋಮ, ಮಧ್ಯಾಹ್ನ ಊಟ, ಸಂಜೆ ಮಕ್ಕಳಿಗಾಗಿ ಸಿರ್ಸಿ ಪೇಟೆಯಿಂದ ತಂದ ಮೊಟ್ಟೆ ಹಾಕದ ಕೇಕು. ಯಾವ ದಿನ ಮಾಡುವುದು ಎಂಬ ಜಗಳ ಮೊದಲೇ ಮುಗಿದಿತ್ತು. ಚಾಂದ್ರಮಾನದ ವರ್ಷಕ್ಕೆ 354 ದಿನ, ಗೋಡೆ ಕ್ಯಾಲೆಂಡರಿನ ವರ್ಷಕ್ಕೆ 365. ತಿಥಿ ನಕ್ಷತ್ರ ನೋಡಿದರೆ ಒಂದು ದಿನ, ತಾರೀಕು ನೋಡಿದರೆ ಇನ್ನೊಂದು. ಆಯಿ ನಕ್ಷತ್ರ ಬಿಡಲಿಲ್ಲ. ಹೆಂಡತಿ, ನಕ್ಷತ್ರದ ದಿನವೇ ಕೇಕೂ ಆಗಲಿ ಅಂದಳು. ಮೇಣದಬತ್ತಿ ಆರಿಸುವ ಹಾಗಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಂದವಾಯಿತು. ಉರಿಯುವ ಬತ್ತಿಯ ಪಕ್ಕದಲ್ಲೇ ಕೇಕು ಕತ್ತರಿಸಿ, ತುದಿಯಲ್ಲಿ ಸ್ವಲ್ಪ ಮೇಣವನ್ನೂ ತಿಂದೆವು.

ಹೆಂಡತಿಗೆ ಇದ್ದದ್ದು ಒಂದೇ ಆಸೆ. ಈ ಒಂದು ವರ್ಷ ನಮ್ಮ ಜೊತೆ ನಿಂತವರನ್ನೆಲ್ಲ ಕರೆದು, ಕೂರಿಸಿ, ಹೊಟ್ಟೆ ತುಂಬ ಉಣ್ಣಿಸಬೇಕು. ಭಾಷಣ ಗೀಷಣ ಏನೂ ಬೇಡ. ನಮ್ಮ ಕಡೆ ಉಪಕಾರ ತೀರಿಸುವುದು ಹೋಳಿಗೆಯಲ್ಲೇ ಅಲ್ವಾ?

ಮಳೆ ಹಿಡಿದಿತ್ತು. ಅಂಗಳಕ್ಕೆ ತಗಡು ಹೊದೆಸಿ ಪಂಕ್ತಿ ಹಾಕಿದ್ದೆವು. ಎಲೆಗೆ ಅನ್ನ ಬಿತ್ತು, ಕೋಸಂಬರಿ ಬಿತ್ತು, ಅಪ್ಪೆಹುಳಿ ಬಂತು. ಹರಹರ ಮಹಾದೇವ ಅಂದರೆ ಎಲ್ಲರೂ ಕೈ ಹಾಕಬೇಕು. ಆ ಹೊತ್ತಿಗೆ ಸರಿಯಾಗಿ ಭಾವ ಎದ್ದರು. 'ಭಾವ, ಎರಡೇ ಎರಡು ಮಾತು ಹೇಳ್ತಿ, ಅಡ್ಡಿಲ್ಯ?' ಎಂದರು. ನಾನು ಉತ್ತರ ಕೊಡುವ ಮೊದಲೇ ಮೈಕು ಕೊಂಯ್ ಎಂದಿತು. ಮೈಕು ನಾವು ತರಿಸಿದ್ದಲ್ಲ. ಅವರೇ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದರು.

ಅವರ ಚಾಲಾಕಿತನ ನೋಡಿ. ಎಲೆಯ ಮುಂದೆ ಕೂತವರು ಎದ್ದು ಹೋಗುವ ಹಾಗಿಲ್ಲ, ಉಣ್ಣುವ ಹಾಗೂ ಇಲ್ಲ. ಇಷ್ಟು ಶಿಸ್ತಿನ ಸಭೆ ಯಾವ ಕಾರ್ಯದರ್ಶಿಗೆ ಸಿಗುತ್ತದೆ?

ಮೊದಲು ಕುಲದೇವರಿಗೆ, ಆಮೇಲೆ ಮಾರಿಕಾಂಬೆಗೆ, ಆಮೇಲೆ ಭಟ್ಟರಿಗೆ. ಅಲ್ಲಿಯ ತನಕ ಅಡ್ಡಿಲ್ಲೆ. ನಂತರ ಪೆಂಡಾಲಿನವರಿಗೆ, ಎಲೆ ಕೊಯ್ದವರಿಗೆ, ಹಾಲು ಕೊಟ್ಟವರಿಗೆ. ಕರೆಂಟು ತೆಗೆಯದೆ ಸಹಕರಿಸಿದ ವಿದ್ಯುತ್ ಇಲಾಖೆಗೂ ವಂದನೆ ಸಂದಿತು. ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು. ಮೈಕು ಓಡುತ್ತಿದ್ದದ್ದು ನಮ್ಮ ಇನ್ವರ್ಟರಿನ ಕೊನೆಯ ಉಸಿರಿನಲ್ಲಿ. ತಗಡಿನ ಮೇಲೆ ಮಳೆ ಜೋರಾದಷ್ಟೂ ಭಾವನ ದನಿಯೂ ಜೋರಾಯಿತು. ಅನ್ನ ಆರಿತು. ಮೂಲೆಯಲ್ಲಿ ಕೂತಿದ್ದ ಸಕ್ಕರೆ ಕಾಯಿಲೆಯ ಮಾವ ಬಗ್ಗಿ ಬಗ್ಗಿ ಕೋಸಂಬರಿ ತಿನ್ನತೊಡಗಿದರು.

ಆಗ ಬಂತು ಆ ಮಾತು. ಭಾವ ಗಂಟಲು ಸರಿಮಾಡಿಕೊಂಡು, ಎಡಗೈಯನ್ನು ಕೂಸಿನತ್ತ ಚಾಚಿ, 'ಕೊನೆಯದಾಗಿ, ಈ ಕೂಸಿನ ಜನನಕ್ಕೆ ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ' ಎಂದರು.

ಒಂದು ಕ್ಷಣ ಮಳೆಯದ್ದೊಂದೇ ಸದ್ದು. ಆಮೇಲೆ ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಗೆಳೆಯನೊಬ್ಬ ಕದ್ದು ಕುಡಿಯುತ್ತಿದ್ದ ಅಪ್ಪೆಹುಳಿ ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದ. ಹೆಂಡತಿ ಕೂಸಿನ ಲಂಗ ಸರಿಮಾಡುವ ನೆವದಲ್ಲಿ ತಲೆ ತಗ್ಗಿಸಿದವಳು ಎತ್ತಲೇ ಇಲ್ಲ. ಅತ್ತೆ ನನ್ನನ್ನು ನೋಡಿದರು. ನಾನು ಅಡಿಕೆ ತೋಟ ನೋಡಿದೆ. ಭಾವನಿಗೆ ಮಾತ್ರ ಏನೂ ತಿಳಿಯಲಿಲ್ಲ. ಸಭೆ ಮೆಚ್ಚಿತು ಎಂದುಕೊಂಡು, 'ವಿಶೇಷವಾಗಿ ನೆರೆಹೊರೆಯವರಿಗೆ' ಎಂದು ಸೇರಿಸಿದರು. ಈಗಲೂ ಪೇಟೆಯಲ್ಲಿ ಸಿಕ್ಕವರು 'ನಾನು ಪರೋಕ್ಷದವ' ಎಂದು ಕೈ ಕುಲುಕುತ್ತಾರೆ.

ಇಷ್ಟೆಲ್ಲ ಹೇಳಿದ ಭಾವ ಬಿಟ್ಟದ್ದು ಒಂದೇ ಹೆಸರು. ಆಚೆಮನೆ ಅಣ್ಣನದು.

ಕೂಸಿಗೆ ಜ್ವರ ಏರಿ ಕೈಕಾಲು ಸೆಟೆದ ರಾತ್ರಿ, ಸಿರ್ಸಿಯ ಡಾಕ್ಟರು ತಡಮಾಡದೆ ಹುಬ್ಬಳ್ಳಿಗೆ ಹೋಗಿ ಎಂದಿದ್ದರು. ದೊಡ್ಡ ಆಸ್ಪತ್ರೆ ಬೇಕೆಂದರೆ ಹುಬ್ಬಳ್ಳಿ, ಮಣಿಪಾಲ ಅನ್ನುವುದು ನಮ್ಮ ಜಿಲ್ಲೆಯವರಿಗೆ ಬಾಯಿಪಾಠವಾಗಿಬಿಟ್ಟಿದೆ. ಆಚೆಮನೆ ಅಣ್ಣ ಉಟ್ಟ ಪಂಚೆಯಲ್ಲೇ ಓಮ್ನಿ ಹತ್ತಿದ. ಮುಂಡಗೋಡ ದಾಟಿ, ತಡಸ ದಾಟಿ, ಹುಬ್ಬಳ್ಳಿ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಕೂಸು ಕಣ್ಣು ಬಿಟ್ಟ ಮೇಲೆ, 'ದನ ಕರೆಯೋದಿದ್ದು' ಎಂದು ಹೊರಟೇಬಿಟ್ಟ. ಡೀಸೆಲ್ಲಿಗೋ ಪೆಟ್ರೋಲಿಗೋ ಎಂದು ನಾನು ಕೊಟ್ಟ ನೋಟನ್ನು ಕೂಸಿನ ಮುಷ್ಟಿಯಲ್ಲಿಟ್ಟು ಹೋಗಿದ್ದ. 6, 10, 14 ವಾರದ ಲಸಿಕೆಗಳನ್ನು, ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದನ್ನು ನಮಗಿಂತ ಚೆನ್ನಾಗಿ ನೆನಪಿಟ್ಟು, ಕೊಡೆ ಹಿಡಿದು ಗದ್ದೆ ಬದುವಿನ ಮೇಲೆ ಬರುತ್ತಿದ್ದ ಆಶಾ ಅಕ್ಕನೂ ಇಂಥವಳೇ. ಕಾಫಿ ಕುಡಿಯಲು ಪುರುಸೊತ್ತಿಲ್ಲ ಅನ್ನುತ್ತಿದ್ದಳು. ಇವರಿಗೆಲ್ಲ ಮೈಕಿನಲ್ಲಿ ಏನು ಹೇಳುವುದು?

ಅವತ್ತು ಅಣ್ಣ ಪಂಕ್ತಿಯಲ್ಲೇ ಇರಲಿಲ್ಲ. ಟವೆಲು ಸೊಂಟಕ್ಕೆ ಸುತ್ತಿ ಸಾರು ಬಡಿಸುತ್ತಿದ್ದ. ನಾನು ಹೋಗಿ, ಭಾವ ಹೆಸರು ಬಿಟ್ಟರು, ಬೇಜಾರಾಗಬೇಡ ಎಂದರೆ, 'ಎಂತಕ್ಕೆ ಮಾರಾಯ ಅದೆಲ್ಲ, ಸರಿ, ಸಾರು ಬಿಸಿ ಇದ್ದು' ಎಂದ.

ಅವನಿಗೆ ಬೇಜಾರಿಲ್ಲ. ಅತ್ತಿಗೆಗೆ ಇದೆ. ಪಾಯಸಕ್ಕೆಂದು ಅವರ ಮನೆಯ ದೊಡ್ಡ ತಪ್ಪಲೆ ತಂದಿದ್ದೆವು. ನಮ್ಮ ಎರಡು ಮನೆಗಳ ನಡುವೆ ಪಾತ್ರೆ ವಾಪಸಾಗುವುದಕ್ಕೆ ಅವಧಿ ಎಂಬುದೇ ಇಲ್ಲ. ಬರಿದಾಗಿ ಹೋಗುವುದೂ ಇಲ್ಲ. ಅವತ್ತು ಮಾತ್ರ ಕತ್ತಲಾಗುವ ಮೊದಲೇ ಅವರ ಮಾಣಿ ಬಂದು ನಿಂತ. ಹೆಂಡತಿ ನಾಲ್ಕು ಹೋಳಿಗೆ ಹಾಕಲು ಹೋದರೆ, 'ಆಯಿ ಬರೇ ತಪ್ಪಲೆ ತಗಂಬಾ ಅಂದಿದ್ದು' ಎಂದು ತಲೆ ಮೇಲೆ ಬೋರಲು ಹಾಕಿಕೊಂಡು ಮಳೆಯಲ್ಲಿ ಓಡಿದ.

ಭಾವನಿಗೆ ಫೋನ್ ಮಾಡಿ ವಿಷಯ ಹೇಳಿದೆ. 'ಹೋ, ತಪ್ಪಾತು' ಎಂದು ಆ ರಾತ್ರಿಯೇ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ತಿದ್ದುಪಡಿ ಹೊರಡಿಸಿದರು. ಆಚೆಮನೆ ಅಣ್ಣ ಆ ಗುಂಪಿನಲ್ಲೇ ಇಲ್ಲ. ಇದ್ದವರು ನನ್ನ ಅತ್ತೆ. ಬಾಣಂತನ ಪೂರ್ತಿ ಮಾಡಿದ ತಮ್ಮ ಹೆಸರು ಭಾಷಣದಲ್ಲೂ ಇಲ್ಲ, ತಿದ್ದುಪಡಿಯಲ್ಲೂ ಇಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಈಗ ಹೆಂಡತಿಯ ಫೋನು ಎಂಗೇಜು.

ಮುಂದಿನ ವರ್ಷ ಇನ್ವರ್ಟರ್ ಬಂದ್ ಮಾಡಿಯೇ ಎಲೆ ಹಾಕುವುದು ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಭಾವನ ಕಿವಿಗೆ ಇದು ಹೇಗೆ ಬಿತ್ತೋ ಗೊತ್ತಿಲ್ಲ. ನಿನ್ನೆ ಪೇಟೆಗೆ ಹೋಗಿ ಬ್ಯಾಟರಿ ಮೈಕು ತಂದಿದ್ದಾರಂತೆ.